ಅಳೆಯದ ದಿನಕ್ಕೆ ಸೊನ್ನೆ ಬರೆಯದ ಡೇಟಾಬೇಸ್: ಪೋಸ್ಟ್‌ಗ್ರೆಸ್ ಜೊತೆ ಐದು ವರ್ಷ

ಕೊಡಗಿನ ಮಾದಾಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯದೆ ಯಾರೂ ತಿಂಡಿಗೆ ಕೂರುವುದಿಲ್ಲ. ಅಪ್ಪ ಮಾಪಕದ ನೀರನ್ನು ಗಾಜಿನ ಅಳತೆಗೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ‘ಎರಡು ಇಂಚು ಹದಿನೇಳು ಸೆಂಟು’ ಎನ್ನುತ್ತಾರೆ. ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ. ನಾನು ಮೊದಲು ರಿಜಿಸ್ಟರಿನಲ್ಲಿ, ಆಮೇಲೆ ಮೊಬೈಲಿನಲ್ಲಿ 2.17 ಎಂದು ದಾಖಲಿಸುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚ್‌ನಲ್ಲಂತೂ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂಬುದು ಹತ್ತು ಸೆಂಟಿನ ಮೇಲೆ ನಿಂತಿರುತ್ತದೆ.

ಮೊದಲು ಈ ಲೆಕ್ಕ ಇದ್ದದ್ದು ಅಗ್ಗದ ಹೋಸ್ಟಿಂಗ್ ಒಂದರ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ಅಲ್ಲಿ ತಪ್ಪು ಮಾಹಿತಿಯನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಆಫ್ ಮಾಡಿಟ್ಟಿದ್ದರು. ಹಾಗಿದ್ದಾಗ ಸಂಖ್ಯೆಯ ಕಾಲಂಗೆ ಖಾಲಿ ಪಠ್ಯ ಬಂದರೆ ತಡೆಯಿಲ್ಲದೆ 0 ಎಂದು ದಾಖಲಾಗುತ್ತದೆ. ಜೊತೆಗೆ ಬರುವ ಎಚ್ಚರಿಕೆ ನಮ್ಮ ತೆರೆಯವರೆಗೆ ತಲುಪುತ್ತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮೂರು ದಿನ ಮನೆ ಬಿಟ್ಟಿದ್ದೆವು. ಮಳೆ ಅಳೆಯಲು ಯಾರೂ ಇರಲಿಲ್ಲ. ಹಿಂತಿರುಗಿದ ಮೇಲೆ ಅಪ್ಪ ರಿಜಿಸ್ಟರಿನಲ್ಲಿ ಆ ದಿನಗಳಿಗೆ ಅಡ್ಡಗೆರೆ ಎಳೆದರು. ನಾನು ಖಾಲಿ ಬಿಟ್ಟು ಸೇವ್ ಮಾಡಿದೆ. ಎರಡು ವರ್ಷದ ನಂತರ ವರದಿ ತೆಗೆದರೆ, ಕೊಡಗು ನಡುಗಿದ ಆ ದಿನಗಳಲ್ಲಿ ನಮ್ಮ ತೋಟದ ಮಳೆ 0.00. ಸಿಟ್ಟು ನೆತ್ತಿಗೇರಿತು.

ಹಾಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ, ಅದರ ಮೇಲೆ ಫಾರಂ ಮತ್ತು ಪುಟಗಳನ್ನು ಕಟ್ಟಿಕೊಡುವ ಜ್ಯಾಂಗೋಗೆ ಬಂದೆ. ಮೊದಲ ವಾರ ಪೋಸ್ಟ್‌ಗ್ರೆಸ್ ಕೂಡ ಕಾಡಿಸಿತು. ‘0000-00-00’ ಎಂಬ ಹಳೆಯ ದಿನಾಂಕಗಳನ್ನು ಒಪ್ಪಲಿಲ್ಲ, ಖಾಲಿ ಪಠ್ಯವನ್ನು ಸಂಖ್ಯೆಯೆಂದು ಒಪ್ಪಲಿಲ್ಲ, ಸಾಲು ಸಾಲಿಗೂ ತಕರಾರು. ಆ ತಕರಾರೇ ನನಗೆ ಬೇಕಿತ್ತು ಎಂದು ತಿಳಿಯಲು ತಡವಾಯಿತು. ಮಳೆಯ ಕಾಲಂ ಅನ್ನು ನ್ಯೂಮೆರಿಕ್ (5, 2), ಅಂದರೆ ಒಟ್ಟು ಐದು ಅಂಕಿ, ಅದರಲ್ಲಿ ಎರಡು ದಶಮಾಂಶದ ನಂತರ, ಎಂದು ಮಾಡಿ, ‘ಬೆಲೆಯೇ ಇಲ್ಲ’ ಎಂದು ಸೂಚಿಸುವ ನಲ್‌ಗೆ ಅವಕಾಶ ಕೊಟ್ಟೆ. ಜ್ಯಾಂಗೋದ ಡೆಸಿಮಲ್ ಫೀಲ್ಡ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಫಾರಂನಲ್ಲಿ ಖಾಲಿ ಬಿಟ್ಟರೆ ನಲ್, 0 ಒತ್ತಿದರೆ 0. ಸರಾಸರಿ ತೆಗೆಯುವಾಗ ನಲ್ ದಿನಗಳನ್ನು ಎಣಿಕೆಗೇ ಹಿಡಿಯುವುದಿಲ್ಲ. ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಮಾತ್ರ ಬೇಡ, ಸೆಂಟುಗಳನ್ನು ಕೂಡುತ್ತಾ ಹೋದಂತೆ ದಶಮಾಂಶಕ್ಕೆ ಬಾಲ ಬೆಳೆಯುತ್ತದೆ. ಸ್ಟ್ರಿಕ್ಟ್ ಮೋಡ್ ಇರುವ ಮೈಎಸ್‌ಕ್ಯೂಎಲ್‌ನಲ್ಲೂ ಇದೆಲ್ಲ ಸಾಧ್ಯ, 5.7ನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್ ಇರುತ್ತದೆ. ಆದರೆ ನನಗೆ ಮನಸ್ಸು ಮುರಿದಿತ್ತು.

ಹಳೆಯ ಸೊನ್ನೆಗಳದೇ ದೊಡ್ಡ ಕೆಲಸ. ಮಳೆ ಬಾರದ ದಿನ ಯಾವುದು, ಅಳೆಯದ ದಿನ ಯಾವುದು ಎಂದು ಟೇಬಲ್ ನೋಡಿ ಹೇಳುವಂತಿರಲಿಲ್ಲ. ಅಪ್ಪ ರಿಜಿಸ್ಟರ್ ಹಿಡಿದು ಓದಿದರು, ನಾನು ತಿದ್ದಿದೆ. ನಾಲ್ಕು ಸಂಜೆ ಹಿಡಿಯಿತು.

ಪುಟಗಳನ್ನು ತೋರಿಸುವ ಜ್ಯಾಂಗೋ ಟೆಂಪ್ಲೇಟಿನ ಬಗ್ಗೆ ಒಂದು ದೂರು ಇದೆ. ನಲ್ ಇದ್ದಲ್ಲಿ ಅದು ‘ನನ್’ (None) ಎಂಬ ಇಂಗ್ಲಿಷ್ ಪದವನ್ನು ತೋರಿಸುತ್ತದೆ. ಅಲ್ಲಿ ಅಡ್ಡಗೆರೆ ಬರಲೆಂದು ‘ಡಿಫಾಲ್ಟ್’ ಫಿಲ್ಟರ್ ಹಾಕಿದೆ. ಮಳೆ ಬಾರದ ಜನವರಿಯ ಪುಟ ನೋಡಿದ ಅಪ್ಪ, ‘ನಾನು ದಿನಾ ಅಳೆದಿದ್ದೇನಲ್ಲ, ಇದೇನು ತಿಂಗಳಿಡೀ ಗೆರೆ?’ ಎಂದು ಕೇಳಿದರು. ಆ ಫಿಲ್ಟರ್ ಸೊನ್ನೆಯನ್ನೂ ಇಲ್ಲವೆಂದೇ ಎಣಿಸುತ್ತದೆ. ಹಾಕಬೇಕಾದದ್ದು ನಲ್‌ಗೆ ಮಾತ್ರ ಗೆರೆ ಹಾಕುವ ‘ಡಿಫಾಲ್ಟ್ ಇಫ್ ನನ್’.

ಹೋಸ್ಟಿಂಗ್‌ಗೆ ಈಗ ಮೊದಲಿನ ಮೂರರಷ್ಟು ಖರ್ಚು. ಕರಿಮೆಣಸು ಕೈಕೊಟ್ಟ ವರ್ಷ ಹಳೆಯದಕ್ಕೇ ಮರಳೋಣವೇ ಎಂದು ಯೋಚಿಸಿದ್ದೆ, ಮರಳಲಿಲ್ಲ. 2018ರ ಆಗಸ್ಟ್ ಪುಟದಲ್ಲಿ ಆ ಮೂರು ದಿನಗಳ ಎದುರು ಈಗ ಅಡ್ಡಗೆರೆ ಇದೆ, ರಿಜಿಸ್ಟರಿನಲ್ಲಿ ಇರುವ ಹಾಗೆಯೇ.