ಮಾಳಿಗೆ ಬಿಸಿಲೋ, ಡ್ರೈಯರ್ರೋ? ಒಂದು ಬಾಕ್ಸ್ ಟೊಮೆಟೊ ಒಣಗಿಸಿ ನೋಡಿದ್ದು

ಕೋಲಾರದಲ್ಲಿ ಟೊಮೆಟೊಗೆ ಎರಡೇ ಬೆಲೆ. ಒಂದೋ ಮುಟ್ಟೋಕೆ ಆಗದಷ್ಟು, ಇಲ್ಲಾ ರಸ್ತೆ ಬದಿಗೆ ಸುರಿಯುವಷ್ಟು. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಗತಿ. ಅದಕ್ಕೇ ಈ ಸಲ ಬೆಲೆ ಬಿದ್ದಾಗ ಒಂದು ಬಾಕ್ಸ್ ತಂದೆ. ಅರ್ಧ ಮಾಳಿಗೆಗೆ, ಅರ್ಧ ಹೊಸದಾಗಿ ಕೊಂಡ ಕರೆಂಟ್ ಡ್ರೈಯರ್‌ಗೆ. ಓವನ್‌ನಲ್ಲೂ ಒಂದು ಟ್ರೇ ಇಟ್ಟೆ. ನಮ್ಮದರಲ್ಲಿ 100 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಅಂಚು ಕರಕಲು, ನಡು ಹಸಿ. ಅದರ ಮಾತು ಅಲ್ಲಿಗೇ ಬಿಡೋಣ.

ಮೊದಲು ಹಣ್ಣಿನ ವಿಚಾರ. ನಾಟಿ ಟೊಮೆಟೊ ರುಚಿ ಅಂತ ಅದನ್ನೂ ನಾಲ್ಕು ಕೊಯ್ದು ಹಾಕಿದ್ದೆ. ರಸ, ಬೀಜ ಎಲ್ಲ ಹರಿದುಹೋಗಿ ಕೊನೆಗೆ ಉಳಿದದ್ದು ಸಿಪ್ಪೆ. ಒಣಗಿಸಲು ದಪ್ಪ ಸಿಪ್ಪೆ, ದಪ್ಪ ತಿರುಳಿನ ಹೈಬ್ರಿಡ್ಡೇ ಸರಿ. ನಾಟಿಯನ್ನು ಹಸಿಯಾಗೇ ಗೊಜ್ಜು ಮಾಡಿ.

ಹೈಬ್ರಿಡ್ ಹಣ್ಣನ್ನು ಎರಡೆರಡು ಕೆಜಿ ತೂಗಿ, ಬೆರಳು ದಪ್ಪದ ಹೋಳು ಮಾಡಿ, ಉಪ್ಪು ಉದುರಿಸಿದೆ. ಮಾಳಿಗೆಯಲ್ಲಿ ಹಳೇ ಸೀರೆ ಹಾಸಿ, ಮೇಲೊಂದು ತೆಳು ಬಟ್ಟೆ. ಅಂತರಗಂಗೆ ಬೆಟ್ಟದ ಕಡೆಯಿಂದ ಬಂದ ಕೋತಿಗಳಿಗೆ ಆ ಬಟ್ಟೆ ಯಾವ ಲೆಕ್ಕ? ಮೊದಲ ದಿನವೇ ಒಂದು ಮೂಲೆ ಖಾಲಿ. ಮತ್ತೆ ಎರಡು ಕೆಜಿ ಕೊಯ್ದು ಹರಡಿ, ನಾನೇ ಕೊಡೆ ಹಿಡಿದು ಕಾವಲು ಕೂತೆ. ಸಂಜೆ ಒಳಗೆ ತರಲೇಬೇಕು, ಇಲ್ಲದಿದ್ದರೆ ಇಬ್ಬನಿಗೆ ಮತ್ತೆ ನೆನೆಯುತ್ತೆ. ಮೂರೂವರೆ ದಿನಕ್ಕೆ 130 ಗ್ರಾಂ ಬಂತು. ಡ್ರೈಯರ್‌ನಲ್ಲಿ 60 ಡಿಗ್ರಿಗೆ 11 ಗಂಟೆ, 110 ಗ್ರಾಂ. ಕಡಿಮೆ ಬಂತು ಅಂತ ಬೇಸರ ಬೇಡ, ನೀರು ಜಾಸ್ತಿ ಹೋಗಿದೆ ಅಷ್ಟೇ. ಟೊಮೆಟೊದಲ್ಲಿ ನೂರಕ್ಕೆ 94-95 ಪಾಲು ನೀರೇ ಅಲ್ವಾ.

ಆ 20 ಗ್ರಾಂ ವ್ಯತ್ಯಾಸ ಮುಂದೆ ಆಟ ಆಡಿಸಿತು. ಬಿಸಿಲಿನದು ಚರ್ಮದ ಹಾಗೆ ಬಾಗುತ್ತಿತ್ತು. ಅದರಲ್ಲಿ ಅರ್ಧವನ್ನು ಸುಮ್ನೆ ಬಾಟಲಿಗೆ ತುಂಬಿದೆ. ಎರಡನೇ ದಿನ ಗಾಜಿನ ಒಳಗೆ ಬೆವರು, ವಾರಕ್ಕೆ ಎರಡು ಹೋಳಿನ ಮೇಲೆ ಬಿಳಿ ಬೂಷ್ಟು. ಆ ಬಾಟಲಿ ಪೂರ್ತಿ ಎಸೆದೆ. ಪುಣ್ಯಕ್ಕೆ ಉಳಿದರ್ಧ ಇನ್ನೂ ಮೊರದಲ್ಲೇ ಇತ್ತು, ಅದನ್ನು ಮತ್ತೊಂದು ದಿನ ಬಿಸಿಲಿಗಿಟ್ಟೆ. ಈಗ ಏನೇ ಒಣಗಿಸಿದರೂ ನಾಲ್ಕು ದಿನ ಬಾಟಲಿಯಲ್ಲಿಟ್ಟು ದಿನಾ ಕುಲುಕಿ ನೋಡುತ್ತೇನೆ. ಬೆವರು ಕಂಡರೆ ವಾಪಸ್ ಬಿಸಿಲಿಗೆ.

ರುಚಿಗೆ ಬಂದರೆ ನನ್ನ ಮತ ಬಿಸಿಲಿಗೆ. ಬಣ್ಣ ಇಟ್ಟಿಗೆ ಪುಡಿಯಂತೆ ಮಂಕು, ನಿಜ. ಡ್ರೈಯರ್‌ನದು ಕೆಂಪಗೆ ಚೆಂದ. ಆದರೆ ಬಿಸಿಲಿನ ಹೋಳಿನಲ್ಲಿ ಹುಳಿ ಗಟ್ಟಿಯಾಗಿ, ಹಳೇ ಹುಣಸೆಹಣ್ಣಿನ ಘಮ ಕೂರುತ್ತೆ. ಎಂಟು ಹೋಳು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ರುಬ್ಬಿ, ಆ ನೀರೂ ಸೇರಿಸಿ ಬೇಳೆಸಾರು ಮಾಡಿದೆ. ಯಾವುದು ಯಾವುದು ಅಂತ ಹೇಳದೆ ಎರಡು ಬಟ್ಟಲು ಇಟ್ಟರೆ ಅತ್ತೆ ಮುದ್ದೆ ಅದ್ದಿದ್ದು ಬಿಸಿಲಿನದಕ್ಕೆ. ಪುಡಿ ಮಾಡೋದಾದರೆ ಮಾತ್ರ ಡ್ರೈಯರ್. ಬಿಸಿಲಿನದು ಮಿಕ್ಸಿ ಬ್ಲೇಡಿಗೆ ಅಂಟಿಕೊಂಡಿತು.

ಒಣ ಬದನೆ, ಗೋರಿಕಾಯಿ ಬೇಯಿಸುವಾಗ ಈ ಟೊಮೆಟೊ ಮೊದಲೇ ಹಾಕಬೇಡಿ. ಹುಳಿ ಬಿದ್ದರೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಹೋಳು ಬೆಂದ ಮೇಲೆ ಹುಳಿ. ನಾನು ಉಲ್ಟಾ ಮಾಡಿ ಮುಕ್ಕಾಲು ಗಂಟೆ ಗ್ಯಾಸ್ ಉರಿಸಿದೆ.

ಅಣಬೆಯಲ್ಲಿ ಕಥೆ ತಿರುಗಿತು. ಮೋಡದ ದಿನ ಮಾಳಿಗೆಗೆ ಹಾಕಿದ ಚಿಪ್ಪಣಬೆ ಕಪ್ಪಾಗಿ, ಒದ್ದೆ ಬಟ್ಟೆಯ ವಾಸನೆ ಬಂತು. ಡ್ರೈಯರ್‌ನಲ್ಲಿ 50 ಡಿಗ್ರಿಗೆ ಐದು ಗಂಟೆ, 400 ಗ್ರಾಂಗೆ 40 ಗ್ರಾಂ, ಮುರಿದರೆ ಪಟ್ ಅನ್ನುತ್ತೆ. ಹಾಗಂತ ಬಿಸಿಲನ್ನು ಪೂರ್ತಿ ಬಿಟ್ಟಿಲ್ಲ. ಬಿಸಿಲು ಬಿದ್ದರೆ ಅಣಬೆಯಲ್ಲಿ ಡಿ ವಿಟಮಿನ್ ಹುಟ್ಟುತ್ತೆ. ಹಾಗಾಗಿ ಸೀಳಿ ಒಂದು ಗಂಟೆ ಮಾಳಿಗೆ, ಆಮೇಲೆ ಡ್ರೈಯರ್. ನೆನೆಸಿದ ನೀರು ಚೆಲ್ಲಬಾರದು. ಬಟ್ಟೆಯಲ್ಲಿ ಸೋಸಿ, ತಳದ ಒಂದು ಚಮಚ ಮಾತ್ರ ಬಿಟ್ಟು, ಉಳಿದದ್ದನ್ನು ಹುರುಳಿ ಬಸ್ಸಾರಿಗೆ ಸುರಿದೆ. ಮಾಂಸದ ಸಾರೇನೋ ಅನ್ನುವಂಥ ಘಾಟು.

ಹಣ್ಣಿನಲ್ಲಿ ಮಾಡಿದ್ದು ಒಂದೇ. ಶ್ರೀನಿವಾಸಪುರದ ರಸಪುರಿ ಮಾವಿನ ತಿರುಳನ್ನು ಎಣ್ಣೆ ಸವರಿದ ತಟ್ಟೆಗೆ ಸುರಿದು, ದಿನಕ್ಕೊಂದು ಪದರ, ಐದು ದಿನ ಬಿಸಿಲು. ಡ್ರೈಯರ್‌ನ ತೂತಿನ ಟ್ರೇಯಲ್ಲಿ ತಿರುಳು ನಿಲ್ಲುವುದೇ ಇಲ್ಲ.

ಕರೆಂಟ್ ಲೆಕ್ಕ ಹಾಕಿದೆ. ನನ್ನದು 500 ವ್ಯಾಟ್, ಎರಡು ಕೆಜಿಗೆ ಐದೂವರೆ ಯೂನಿಟ್. ಗೃಹಜ್ಯೋತಿಯ ಮಿತಿ ದಾಟದ ಹಾಗೆ ತಿಂಗಳಿಗೆ ಎರಡೇ ಸಲ ಹಚ್ಚುತ್ತೇನೆ. ಒಂದು ಸಲ ಅಣಬೆಗೆ, ಇನ್ನೊಂದು ಮಳೆ ಬಂದು ಮಾಳಿಗೆಯಿಂದ ಅರ್ಧಕ್ಕೆ ಎತ್ತಿಕೊಂಡು ಬಂದದ್ದಕ್ಕೆ.