ವಸಂತದ ಒಂದು ಬೆಳಗ್ಗೆಗೆ ಯಾವುದು: ನಂದಿ ಬೆಟ್ಟವೋ, ಕೊಕ್ಕರೆ ಬೆಳ್ಳೂರೋ, ಲಾಲ್‌ಬಾಗ್-ಕಬ್ಬನ್ ಪಾರ್ಕಿನ ಹೂಮರಗಳೋ?

ಮೊದಲೇ ಹೇಳಿಬಿಡುತ್ತೇನೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೊರಟುಹೋದ ಮೇಲೆ, ಏಪ್ರಿಲ್ ಬಿಸಿಲು ಏರುವುದರೊಳಗೆ ಬೆಂಗಳೂರಲ್ಲಿ ಒಂದು ಬೆಳಗ್ಗೆ ಬಿಡುವಾದರೆ ಮೆಟ್ರೋ ಹತ್ತಿ ಲಾಲ್‌ಬಾಗ್, ಅಲ್ಲಿಂದ ಕಬ್ಬನ್ ಪಾರ್ಕ್ ಸುತ್ತಿ ಹೂಬಿಟ್ಟ ಮರ ನೋಡುವುದಕ್ಕೇ ನನ್ನ ಓಟು. ಮೂರನ್ನೂ ಇದೇ ತಿಂಗಳುಗಳಲ್ಲಿ ಮಾಡಿ ನೋಡಿದ ಮೇಲಿನ ಮಾತು ಇದು. ನಂದಿ ಬೆಟ್ಟ ಚೆನ್ನಾಗಿಲ್ಲ ಅಂತ ಯಾರೂ ಹೇಳಲಾರರು, ಆದರೆ ಮಾರ್ಚ್ ತಿಂಗಳು ಅದರದಲ್ಲ. ಕೊಕ್ಕರೆ ಬೆಳ್ಳೂರು ಕಾರಿದ್ದವರಿಗೆ ಮೊದಲ ಸ್ಥಾನಕ್ಕೇ ಬರಬಹುದು.

ನಂದಿ ಬೆಟ್ಟ

ಎತ್ತರ, ದೂರ, ಟಿಪ್ಪು ಡ್ರಾಪ್ ಎಲ್ಲರಿಗೂ ಗೊತ್ತಿರುವುದೇ. ಜನ ಮೋಸ ಹೋಗುವುದು ಫೋಟೊ ನೋಡಿ. ಕಾಲ ಕೆಳಗೆ ಹತ್ತಿ ಹಾಸಿದ ಹಾಗೆ ಮೋಡ, ಅದರ ಮೇಲೆ ಸೂರ್ಯ ಇರುವ ಚಿತ್ರಗಳು ಹೆಚ್ಚಿನವು ಮಳೆಗಾಲದಿಂದ ಜನವರಿವರೆಗಿನವು. ಮಳೆ ಮುಗಿದ ಮೇಲೂ ನೆಲದಲ್ಲಿ ತೇವ ಇರುತ್ತದೆ. ರಾತ್ರಿ ಆಕಾಶ ತಿಳಿಯಾಗಿ ನೆಲ ತಣ್ಣಗಾದಾಗ ಆ ತೇವವೇ ಮಂಜಾಗಿ ತಗ್ಗಿನಲ್ಲಿ ನಿಲ್ಲುತ್ತದೆ, 1,478 ಮೀಟರ್ ಎತ್ತರದ ಬೆಟ್ಟದ ತಲೆ ಅದರ ಮೇಲೆ ಉಳಿಯುತ್ತದೆ. ಮಾರ್ಚ್ ಹೊತ್ತಿಗೆ ಸುತ್ತಲಿನ ಹೊಲ ಒಣಗಿ ಬಿರುಕು ಬಿಟ್ಟಿರುತ್ತದೆ, ಗಾಳಿಯಲ್ಲಿ ಇರುವುದು ಧೂಳು ಮತ್ತು ಹೊಗೆ. ಪಂಚಾಂಗದ ಸೂರ್ಯೋದಯ ಆಗಿ ಹತ್ತು ನಿಮಿಷ ಕಳೆದರೂ ಪೂರ್ವದಲ್ಲಿ ಬೂದು ಬಣ್ಣವೇ ಕಾಣುತ್ತಿರುತ್ತದೆ, ಆಮೇಲೆ ಅದರೊಳಗಿಂದ ಸೂರ್ಯ ಕೆಂಪು ಬಿಲ್ಲೆಯ ಹಾಗೆ ಮೇಲಕ್ಕೆ ಬರುತ್ತಾನೆ. ಅದೂ ನೋಡಲು ಸೊಗಸೇ. ಆದರೆ ಮೋಡದ ಆಸೆಗೆ ಮೂರು ಗಂಟೆಗೆ ಎದ್ದವರಿಗೆ ಅದು ಸಾಲುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ವಾರಾಂತ್ಯದ ವಾಹನದ ಸಾಲು. ಮಾರ್ಚ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಸುಮಾರು 6:28ಕ್ಕೆ. ಲೆಕ್ಕವನ್ನು ಹಿಂದಕ್ಕೆ ಹಾಕಿ ನೋಡಿ. ಗಾಡಿ ನಿಲ್ಲಿಸಿದ ಜಾಗದಿಂದ ಪೂರ್ವದ ಅಂಚಿಗೆ ನಡೆಯಲು ಹದಿನೈದು ನಿಮಿಷ. ಗೇಟಿನಲ್ಲಿ ಟಿಕೆಟ್, ಪಾರ್ಕಿಂಗ್ ಎಂದು ಕಡಿಮೆ ಅಂದರೂ ಅರ್ಧ ಗಂಟೆ. ಘಾಟಿಯ ತಿರುವುಗಳಲ್ಲಿ ಮುಂದಿನ ಕಾರಿನ ಹಿಂದೆ ತೆವಳುವುದಕ್ಕೆ ಇನ್ನರ್ಧ ಗಂಟೆ. ಹೆಬ್ಬಾಳದಿಂದ ಬೆಟ್ಟದ ಬುಡಕ್ಕೆ ಒಂದು ಗಂಟೆ. ಅಂದರೆ ಹೆಬ್ಬಾಳ ನಾಲ್ಕು ಗಂಟೆಗೆ ದಾಟಬೇಕು. ಜಯನಗರದವರು ಮೂರೂವರೆಗೇ ಗಾಡಿ ತೆಗೆಯಬೇಕು.

ಮೂರೂವರೆಗೆ ಹೊರಟರೆ ಸಾಲು ತಪ್ಪುತ್ತದೆ ಅಂತಲೂ ಇಲ್ಲ, ಏಕೆಂದರೆ ಎಲ್ಲರೂ ಹಾಕುವುದು ಇದೇ ಲೆಕ್ಕ. ಗೇಟು ತೆರೆಯುವ ಹೊತ್ತಿಗೆ ಕೆಳಗಿನ ತಿರುವುಗಳವರೆಗೆ ಗಾಡಿ ನಿಂತಿರುತ್ತವೆ. ಘಾಟಿ ರಸ್ತೆಯಲ್ಲಿ ಒಮ್ಮೆ ಸಾಲಿಗೆ ಸೇರಿದರೆ ಹಿಂದೆ ತಿರುಗಿಸಲು ಜಾಗ ಸಿಗುವುದಿಲ್ಲ. ಏರಿನಲ್ಲಿ ನಿಲ್ಲಿಸಿ, ಎರಡು ಮಾರು ಮುಂದೆ ಹೋಗಿ, ಮತ್ತೆ ನಿಲ್ಲಿಸುವಷ್ಟರಲ್ಲಿ ಹಳೆಯ ಕಾರುಗಳ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬೈಕಿನವರು ಪಕ್ಕದಲ್ಲಿ ನುಗ್ಗಿ ಮುಂದೆ ಬಂದರೂ ಗೇಟಿನ ಮುಂದೆ ಅವರದೂ ಗುಂಪೇ. ಎಷ್ಟೋ ಜನರಿಗೆ ಸೂರ್ಯೋದಯ ಆಗುವುದು ಮುಂದಿನ ಕಾರಿನ ಹಿಂಬದಿ ಗಾಜಿನಲ್ಲಿ. ಗೇಟಿನ ಸಮಯವೂ ಆಗಾಗ ಬದಲಾಗಿದೆ, ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ. ಬಸ್ಸಿನವರಿಗಂತೂ ಈ ಮಾತೇ ಬೇಡ, ಮೊದಲ ಬಸ್ಸು ಮೇಲೆ ಮುಟ್ಟುವಷ್ಟರಲ್ಲಿ ಬಿಸಿಲು ಬಿದ್ದಿರುತ್ತದೆ.

ಹೋಗಲೇಬೇಕು ಅಂದರೆ ಎರಡು ದಾರಿ. ಒಂದು, ಮಂಗಳವಾರವೋ ಬುಧವಾರವೋ ರಜೆ ಹಾಕಿ. ಸಾಲು ಕರಗಿರುತ್ತದೆ, ಬೆಟ್ಟವೂ ನಿಶ್ಶಬ್ದವಾಗಿರುತ್ತದೆ. ಎರಡು, ಗಾಡಿ ಕೆಳಗೆ ಬಿಟ್ಟು ಸುಲ್ತಾನಪೇಟೆ ಕಡೆಯ ಮೆಟ್ಟಿಲು ಹತ್ತಿ. ಸಾವಿರಕ್ಕೂ ಮಿಕ್ಕಿ ಮೆಟ್ಟಿಲುಗಳು, ನಡೆದು ರೂಢಿ ಇರುವವರಿಗೆ ಒಂದು ಗಂಟೆ ಸಾಕು, ಆದರೆ ಕತ್ತಲಲ್ಲಿ ಬೇಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ, ಕೋತಿಗಳಿಗೆ ಚೀಲ ಅಂದರೆ ತಿಂಡಿ.

ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನವನ್ನು ಬಿಟ್ಟು ಬರಬೇಡಿ. 9ನೇ ಶತಮಾನದಿಂದ ಬೆಳೆದುಬಂದ ಗುಡಿ, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ. ಮೇಲಿನ ಗದ್ದಲ ಇಲ್ಲಿಗೆ ಬರುವುದಿಲ್ಲ. ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ದ್ರಾಕ್ಷಿ ಸಿಗುತ್ತದೆ.

ಕೊಕ್ಕರೆ ಬೆಳ್ಳೂರು

ಮದ್ದೂರು ತಾಲ್ಲೂಕಿನ ಈ ಊರಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಬಂದು, ಮನೆಗಳ ನಡುವಿನ ಹುಣಸೆ, ಅರಳಿ, ಬಸರಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಫೆಬ್ರವರಿ-ಮಾರ್ಚ್‌ಗೆ ಮರಿಗಳು ಬೆಳೆದಿರುತ್ತವೆ, ನೋಡಲು ಒಳ್ಳೆಯ ಕಾಲ ಇದೇ. ಬೈನಾಕ್ಯುಲರ್ ಬೇಡ. ಜಗಲಿ ಪಕ್ಕ ನಿಂತು ತಲೆ ಎತ್ತಿದರೆ ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕುತ್ತಿಗೆವರೆಗೂ ತಲೆ ತೂರಿಸಿ ಮೀನು ತಿನ್ನುವುದು ಕಾಣುತ್ತದೆ. ತಲೆ ಎತ್ತುವಾಗ ಬಾಯಿ ಮುಚ್ಚಿರಲಿ, ಟೋಪಿಯೂ ಇರಲಿ, ಏಕೆ ಅಂತ ಮರದ ಕೆಳಗಿನ ನೆಲವೇ ಹೇಳುತ್ತದೆ. ಆ ಹಿಕ್ಕೆಯನ್ನೇ ಊರಿನವರು ಹಿಂದಿನಿಂದ ಹೊಲಕ್ಕೆ ಗೊಬ್ಬರವಾಗಿ ಬಳಸಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ‘ಹೆಜ್ಜಾರ್ಲೆ ಬಳಗ’ ಊರಿನವರದೇ ಕೂಟ. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶ ಎಂಬ ಸ್ಥಾನ ಬಂದದ್ದು ಇಂಥ ಕೆಲಸದಿಂದಲೇ.

ಅಡಚಣೆ ದಾರಿಯದು. ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಬೇಕು. ಈಗಿನ ಮೈಸೂರು ಎಕ್ಸ್‌ಪ್ರೆಸ್‌ವೇಯ ನಡುವಿನ ಪಥದಲ್ಲಿದ್ದರೆ ಆ ತಿರುವು ಬೇಲಿಯ ಆಚೆ ಸರ್ರನೆ ಹಿಂದೆ ಹೋಗಿರುತ್ತದೆ. ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ಬೈಕಿಗೆ 2023ರ ಆಗಸ್ಟ್‌ನಿಂದ ನಡುವಿನ ಪಥದಲ್ಲಿ ಪ್ರವೇಶವೇ ಇಲ್ಲ, ಹಾಗಾಗಿ ಅವರಿಗೆ ಊರೂರು ಹಾಯುವ ಹಳೇ ದಾರಿ, ಒಂದು ಗಂಟೆ ಹೆಚ್ಚು. ಬೆಳಗ್ಗೆ ಏಳೂವರೆಗೆ ಅಲ್ಲಿರಬೇಕು. ಹತ್ತರ ಮೇಲೆ ದೊಡ್ಡ ಹಕ್ಕಿಗಳು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತುಬಿಡುತ್ತವೆ, ಓಡಾಟ ಕಮ್ಮಿ. ನಮಗೂ ಬಿಸಿಲು. ಬರುವಾಗ ಮದ್ದೂರು ವಡೆ.

ಲಾಲ್‌ಬಾಗ್, ಕಬ್ಬನ್ ಪಾರ್ಕ್

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು. ಇಂದಿಗೂ ಈ ಊರಿನ ವಸಂತ ನಡೆಯುವುದು ಆ ಸರದಿಯಲ್ಲೇ. ಕಡುಗುಲಾಬಿ ಟಬೂಬಿಯಾ ಚಳಿಗಾಲದಲ್ಲೇ ಶುರುವಾಗಿ ಫೆಬ್ರವರಿಗೆ ಮುಗಿಯುತ್ತದೆ. ಆಮೇಲೆ ತಿಳಿಗುಲಾಬಿಯದು ಮತ್ತು ಹಳದಿಯದು. ಜೊತೆಜೊತೆಗೆ ಕೆಂಪು ಬೂರುಗ, ಮಾರ್ಚ್‌ಗೆ ನೇರಳೆ ಬಣ್ಣದ ಜಕರಂಡ. ಯುಗಾದಿಗೆ ಹೊಂಗೆಯ ಚಿಗುರು, ಏಪ್ರಿಲ್‌ನಿಂದ ಕಕ್ಕೆ ಮತ್ತು ಗುಲ್‌ಮೊಹರ್.

ಎಡವುವುದು ದಿನಾಂಕದಲ್ಲಿ. ಒಂದು ಟಬೂಬಿಯಾ ಮರ ತುಂಬಿ ನಿಲ್ಲುವುದು ವಾರ, ಹೆಚ್ಚೆಂದರೆ ಹತ್ತು ದಿನ. ವಾಟ್ಸ್ಯಾಪ್‌ನಲ್ಲಿ ಫೋಟೊ ಹರಿದಾಡುವ ಹೊತ್ತಿಗೆ ಆ ಮರ ಅರ್ಧ ಬೋಳು. ಅದಕ್ಕೇ ಫೋಟೊ ನಂಬಬೇಡಿ, ನಿಮ್ಮ ಬೀದಿಯ ಮರ ನೋಡಿ. ಬೆರಳು ಬಿಡಿಸಿದ ಹಾಗೆ ಐದೈದು ಎಲೆಯ ಮರ ಪೂರ್ತಿ ಎಲೆ ಉದುರಿಸಿ, ಕೊಂಬೆಯ ತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣಿಸಿತು ಅಂದರೆ ಬರುವ ಶನಿವಾರ ಖಾಲಿ ಇಟ್ಟುಕೊಳ್ಳಿ. ಎಲ್ಲ ಮರವೂ ಒಂದೇ ದಿನ ಅರಳುವುದಿಲ್ಲ, ಅದೇ ಅನುಕೂಲ. ಪಾರ್ಕಿನಲ್ಲಿ ಒಂದಲ್ಲ ಒಂದು ತುಂಬಿರುತ್ತದೆ. ಮಾರ್ಚ್ ಕೊನೆಯ ಸಂಜೆ ಗುಡುಗಿನ ಮಳೆಯೋ ಆಲಿಕಲ್ಲೋ ಬಿದ್ದರೆ ಮಾತ್ರ ಒಂದೇ ರಾತ್ರಿಯಲ್ಲಿ ಮರ ಖಾಲಿ.

ಲಾಲ್‌ಬಾಗ್ ಮೊದಲು, ಕಬ್ಬನ್ ಪಾರ್ಕ್ ಆಮೇಲೆ. ಕಾರಣ ಮೂರಿವೆ. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ವಾಕಿಂಗ್ ಹೊತ್ತಿನಲ್ಲಿ, 9ರ ಒಳಗೆ, ಟಿಕೆಟ್ ಇಲ್ಲ. ಕೆಂಪೇಗೌಡ ಗೋಪುರದ ಬಂಡೆ ಸುಮಾರು 300 ಕೋಟಿ ವರ್ಷದ ಕಲ್ಲು, ಒಂಬತ್ತೂವರೆ ಮೇಲೆ ಕಾವಲಿಯ ಹಾಗೆ ಕಾಯುತ್ತದೆ. ಕೆರೆಯ ನೀರು ಗಾಳಿ ಏಳುವ ಮುಂಚೆ ಕನ್ನಡಿಯ ಹಾಗಿರುತ್ತದೆ, ದಡದ ಗುಲಾಬಿ ಮರ ನೀರಿನಲ್ಲಿ ತಲೆಕೆಳಗಾಗಿ ಕಾಣುವುದು ಆಗಲೇ.

ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ನೇರ ಕೆರೆಗೆ ಹೋಗಿ, ಏರಿಯ ಮೇಲೆ ನಡೆದು, ಬಂಡೆ ಹತ್ತಿ ಇಳಿಯಿರಿ. ಒಂದೂವರೆ ಗಂಟೆ. ತಿಂಡಿಗೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇದೆ, ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶನಿವಾರ-ಭಾನುವಾರ ಎಂಟೂವರೆ ದಾಟಿದರೆ ಎರಡರಲ್ಲೂ ಕಾಯಬೇಕು. ಮತ್ತೆ ಮೆಟ್ರೋ: ಲಾಲ್‌ಬಾಗ್‌ನಿಂದ ನಾಲ್ಕನೆಯದು ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಮೂರನೆಯದು ಕಬ್ಬನ್ ಪಾರ್ಕ್. ಸ್ಟೇಡಿಯಂ ಎದುರಿನ ಕಡೆಯಿಂದ ಪಾರ್ಕಿನೊಳಗೆ ಹೋಗಿ, ಬ್ಯಾಂಡ್‌ಸ್ಟ್ಯಾಂಡ್, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ದಾಟಿ ವಿಧಾನಸೌಧ ನಿಲ್ದಾಣದಲ್ಲಿ ಹೊರಬನ್ನಿ. ಬಂದ ದಾರಿಯಲ್ಲೇ ಮತ್ತೆ ನಡೆಯುವ ಕೆಲಸ ಇರುವುದಿಲ್ಲ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟು ನಡೆಯಬಹುದು. ಆದರೆ ಭಾನುವಾರ ಮೊದಲ ರೈಲು ಹೊರಡುವುದು ಏಳಕ್ಕೆ. ಕೆರೆಯ ಕನ್ನಡಿ ಬೇಕು ಅಂದರೆ ಶನಿವಾರವೇ ಸರಿ.

ಫೋಟೊಗೆ ಫೋನ್ ಸಾಕು. ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ಪರದೆ ಮುಟ್ಟಿ ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲದಿದ್ದರೆ ತಿಳಿಗುಲಾಬಿ ಬಿಳಿಯಾಗಿ ಬೀಳುತ್ತದೆ. ಹತ್ತರ ಮೇಲೆ ಆಕಾಶ ನೀಲಿ ಬಿಟ್ಟು ಬೆಳ್ಳಗಾಗುತ್ತದೆ, ಆಮೇಲೆ ಎಷ್ಟು ತೆಗೆದರೂ ಅಷ್ಟೇ.

ಮಕ್ಕಳಿದ್ದರೆ ನೀರುಕಾಯಿ ಮರ ಹುಡುಕಿ. ಕಿತ್ತಳೆ-ಕೆಂಪು ಬಟ್ಟಲಿನಂಥ ಹೂ, ನಡುವೆ ಕಂದು ಮೊಗ್ಗುಗಳ ಗುಂಪು, ಒಂದೊಂದೂ ಬಾಗಿದ ಬೆರಳಿನ ಹಾಗೆ. ಕೆಳಗೆ ಬಿದ್ದ ಮೊಗ್ಗಿನ ತುದಿ ಚಿವುಟಿ ಒತ್ತಿದರೆ ಪಿಚಕಾರಿಯ ಹಾಗೆ ನೀರು ಚಿಮ್ಮುತ್ತದೆ. ಬಟ್ಟೆಗೆ ಬಿದ್ದರೆ ಹಳದಿ ಕಲೆ ಉಳಿಯುತ್ತದೆ, ಬಿಳಿ ಅಂಗಿ ಹಾಕಿಸಬೇಡಿ. ಬೂರುಗದ ಮರ ಸಿಕ್ಕರೆ ಐದು ನಿಮಿಷ ಕೆಳಗೆ ನಿಲ್ಲಿ. ಅಂಗೈ ಅಗಲದ ಕೆಂಪು ಹೂವಿನೊಳಗೆ ಮೈನಾ, ಗಿಳಿ, ಅಳಿಲು ಸರದಿಯಲ್ಲಿ ಮುಖ ಹಾಕುತ್ತಿರುತ್ತವೆ, ಹೂ ತೊಪ್ಪೆಂದು ನೆಲಕ್ಕೆ ಬೀಳುವ ಸದ್ದು ಕೇಳುತ್ತದೆ. ಕೊಂಬೆ ಅಲ್ಲಾಡಿಸಿ ಹೂಮಳೆ ಮಾಡಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಆ ಹೂವಿಗೆ ಇನ್ನೂ ಎರಡು ದಿನದ ಬಾಳು ಇರುತ್ತದೆ.

ಒಂದು ಕೊರತೆ ನಿಜ: ಹೂಬಿಟ್ಟ ಟಬೂಬಿಯಾಗೆ ಎಲೆ ಇಲ್ಲ, ನೆರಳೂ ಇಲ್ಲ. ವಯಸ್ಸಾದವರನ್ನು ಹೊಂಗೆಯ ಅಥವಾ ಮಳೆಮರದ ಕೆಳಗೆ ಕೂರಿಸಿ ನೀವು ಸುತ್ತಿ ಬನ್ನಿ.

ಸಂಜೆ ಮಾತ್ರ ಬಿಡುವಿರುವವರಿಗೆ ಈ ಋತುವಿನಲ್ಲಿ ಇನ್ನೆರಡು ಇವೆ. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಿಂದ ನಡೆದುಬಂದಿರುವ ಸಂಗೀತೋತ್ಸವ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ. ಕರಗ ಹೊರಬರುವುದು ನಡುರಾತ್ರಿ ಕಳೆದ ಮೇಲೆ, ಆದ್ದರಿಂದ ಮಧ್ಯಾಹ್ನ ಮಲಗಿ ಎದ್ದು ಹೋಗಿ.

ಖರ್ಚು

ಲೀಟರಿಗೆ ಹದಿನೈದು ಕಿ.ಮೀ. ಕೊಡುವ ಕಾರಿನಲ್ಲಿ ನಂದಿಗೆ ಹೋಗಿಬರಲು 120 ಕಿ.ಮೀ., ಅಂದರೆ ಎಂಟು ಲೀಟರ್ ಪೆಟ್ರೋಲ್, ಜೊತೆಗೆ ಟೋಲ್, ಪ್ರವೇಶ, ಪಾರ್ಕಿಂಗ್. ಕೊಕ್ಕರೆ ಬೆಳ್ಳೂರಿಗೆ ಸುಮಾರು 170 ಕಿ.ಮೀ., ಹನ್ನೊಂದು ಲೀಟರಿಗಿಂತ ಮೇಲೆ, ಎಕ್ಸ್‌ಪ್ರೆಸ್‌ವೇ ಟೋಲ್ ಬೇರೆ. ನಾಲ್ಕು ಜನ ಹಂಚಿಕೊಂಡರೆ ಎರಡೂ ಭಾರವಲ್ಲ, ಒಬ್ಬರಿಗೋ ಇಬ್ಬರಿಗೋ ದುಬಾರಿ. ಮೆಟ್ರೋದಲ್ಲಿ 2025ರ ಫೆಬ್ರವರಿಯ ಏರಿಕೆಯಲ್ಲೂ ಒಂದು ಕಡೆಯ ಗರಿಷ್ಠ ದರ 90 ರೂಪಾಯಿಗೆ ನಿಂತಿತು. ತಿಂಡಿ ಸೇರಿಸಿದರೂ ತಲೆಗೆ ಐನೂರರೊಳಗೆ ಬೆಳಗ್ಗೆ ಮುಗಿಯುತ್ತದೆ.

ಕಾರಿಲ್ಲದೆ, ಆರು ಗಂಟೆಗೆ ಏಳುವ ರೂಢಿಯಲ್ಲಿ, ಹನ್ನೊಂದರೊಳಗೆ ಮನೆ ಸೇರಬೇಕೆನ್ನುವ ನನ್ನಂಥವರಿಗೆ ಹೂಮರಗಳೇ ಸರಿ. ಕಾರು, ನಾಲ್ಕು ಜನ, ಹತ್ತು ವರ್ಷದ ಮಕ್ಕಳು ಇದ್ದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ. ನಂದಿಯನ್ನು ನವೆಂಬರ್‌ಗೆ ಎತ್ತಿಡಿ.

ಶುಕ್ರವಾರ ರಾತ್ರಿ ಮಳೆ ಬಂತು ಅಂತ ಶನಿವಾರದ ಹೂವಿನ ಸುತ್ತಾಟ ಬಿಡಬೇಡಿ. ಅವತ್ತು ಮಾತ್ರ ಕ್ರಮ ತಿರುಗಿಸಿ, ಕಬ್ಬನ್ ಪಾರ್ಕಿಗೆ ಮೊದಲು ಹೋಗಿ. ಕಸ ಗುಡಿಸುವವರು ಬರುವ ಮುಂಚೆ, ಆರೂವರೆ-ಏಳಕ್ಕೆ, ಮರದಲ್ಲಿ ಇದ್ದದ್ದೆಲ್ಲ ಒದ್ದೆ ಹುಲ್ಲಿನ ಮೇಲೆ ಹಾಸಿಕೊಂಡಿರುತ್ತದೆ. ಒಂದು ಹೂ ಎತ್ತಿ ನೋಡಿದರೆ ಗಂಟಲಿನ ಹಳದಿ ಗೆರೆಗಳು ಇನ್ನೂ ಮಾಸಿರುವುದಿಲ್ಲ.