ಸೈಕಲ್ ಸೀಟಿನ ನೋವು: ಜೆಲ್ ಕವರ್, ಅಗಲದ ಸೀಟು, ಪ್ಯಾಡ್ ಶಾರ್ಟ್ಸ್ ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಸೈಕಲ್ ತುಳಿಯೋಕೆ ಶುರು ಮಾಡಿ, ಕೂರುವ ಜಾಗ ನೋಯುತ್ತಿದೆ ಅಂತ ಅಂಗಡಿಗೆ ಹೊರಟಿದ್ದರೆ ಸೀಟಿನ ಮೇಲೆ ಹಾಕುವ ಮೆತ್ತನೆಯ ಜೆಲ್ ಕವರ್ ತರಬೇಡಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಪ್ಯಾಡ್ ಇರುವ ಶಾರ್ಟ್ಸ್ ತನ್ನಿ. ನಾನು ಮೊದಲು ಕವರ್ ತಂದೆ, ಆಮೇಲೆ ಅಗಲದ ಸೀಟು ತಂದೆ, ಶಾರ್ಟ್ಸ್ ತಂದಿದ್ದು ಕೊನೆಗೆ. ಮಧ್ಯದಲ್ಲಿ ಒಂದು ರೂಪಾಯಿ ಖರ್ಚಿಲ್ಲದ ಒಂದು ಕೆಲಸವನ್ನೂ ಮಾಡಿದೆ. ಅದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು.

ನನಗೆ 43 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಶಾಲೆಯಲ್ಲಿ ಪಾಠ ಮಾಡುವ ಕೆಲಸ. ಗೇರ್ ಇರುವ ಹೈಬ್ರಿಡ್ ಸೈಕಲ್ ಇದೆ. ವಾರಕ್ಕೆ ಮೂರು ಬೆಳಿಗ್ಗೆ 20 ಕಿಲೋಮೀಟರ್ ತುಳಿಯುತ್ತೇನೆ, ಬಿಡುವಿದ್ದ ಭಾನುವಾರ ನಂಜನಗೂಡಿಗೆ ಹೋಗಿ ಬರುತ್ತೇನೆ. ಮೊದಲ ಸಲ ವರುಣಾ ಕೆರೆವರೆಗೆ ಹೋಗಿ ಬಂದ ಮೇಲೆ ಎರಡು ದಿನ ಸ್ಟಾಫ್ ರೂಮಿನ ಮರದ ಕುರ್ಚಿ ಮೇಲೆ ಸರಿಯಾಗಿ ಕೂರಲು ಆಗಲಿಲ್ಲ.

ಅಂಗಡಿಯವರು ಕವರ್ ಕೊಟ್ಟರು. 550 ರೂಪಾಯಿ. "ಹೆಂಗಸರೆಲ್ಲ ಇದನ್ನೇ ತಗೊಂಡು ಹೋಗ್ತಾರೆ ಮೇಡಂ, ಸೋಫಾ ಮೇಲೆ ಕೂತ ಹಾಗಿರುತ್ತೆ" ಅಂದರು. ಅಂಗಡಿ ಮುಂದೆ ಕೂತು ನೋಡಿದಾಗ ನಿಜಕ್ಕೂ ಹಾಗೇ ಇತ್ತು. ಮೊದಲ ಐದು ಕಿಲೋಮೀಟರ್ ಕೂಡ ಚೆನ್ನಾಗಿತ್ತು.

ಆಮೇಲೆ ಅದು ಜಾರಲು ಶುರುವಾಯಿತು. ಕವರಿನ ಕೆಳಗೆ ಒಂದು ದಾರ ಇರುತ್ತದೆ, ಪೈಜಾಮದ ಲಾಡಿ ತರಹ. ಅದನ್ನು ಎಳೆದು ಕಟ್ಟಬೇಕು. ಎಷ್ಟೇ ಬಿಗಿಯಾಗಿ ಕಟ್ಟಿದರೂ ಕಾಲು ಮೇಲೆ ಕೆಳಗೆ ಆಡುತ್ತಾ ಆಡುತ್ತಾ ಕವರ್ ನಿಧಾನಕ್ಕೆ ಎಡಕ್ಕೆ ತಿರುಗುತ್ತದೆ. ಲಲಿತ ಮಹಲ್ ರಸ್ತೆ ಮುಗಿಯುವ ಹೊತ್ತಿಗೆ ಅದರ ಮೂತಿ ಒಂದು ಕಡೆ, ಸೀಟಿನ ಮೂತಿ ಇನ್ನೊಂದು ಕಡೆ. ಇಳಿಯಬೇಕು, ಸರಿ ಮಾಡಬೇಕು, ಮತ್ತೆ ಹತ್ತಬೇಕು. ಒಂದೊಂದು ದಿನ ಮೂರು ನಾಲ್ಕು ಸಲ ಇದೇ ಕೆಲಸ. ದಾರವನ್ನು ಸೀಟಿನ ಕೆಳಗಿನ ಕಂಬಿಗೆ ಸುತ್ತಿ ಕಟ್ಟಿದೆ, ಆಗಲಿಲ್ಲ. ನಮ್ಮನೆಯವರು ಹಳೇ ಟ್ಯೂಬ್ ಕತ್ತರಿಸಿ ರಬ್ಬರ್ ಪಟ್ಟಿ ಮಾಡಿ ಬಿಗಿದುಕೊಟ್ಟರು. ಆಗ ತಿರುಗುವುದು ಸ್ವಲ್ಪ ಕಡಿಮೆಯಾಯಿತು. ಆದರೆ ಪಟ್ಟಿಯ ಅಂಚು ತೊಡೆಗೆ ಉಜ್ಜಿ ಚರ್ಮ ಕೆಂಪಾಯಿತು.

ಮಳೆ ಬಂದರೆ ಇನ್ನೂ ಕಷ್ಟ. ಶಾಲೆಯ ಶೆಡ್ಡಿನಲ್ಲಿ ಒಂದು ದಿನ ಇರಚಲು ಹೊಡೆದು ಕವರ್ ನೆನೆಯಿತು. ಮೇಲಿನ ಬಟ್ಟೆ ಒಣಗಿದ ಹಾಗೆ ಕಂಡಿತು. ಕೂತ ತಕ್ಷಣ ಒಳಗಿದ್ದ ನೀರೆಲ್ಲ ಹೊರಗೆ ಬಂತು. ಅವತ್ತು ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದೆ.

ಜಾರದೇ ಇದ್ದಿದ್ದರೂ ಅದು ನನಗೆ ಆಗುತ್ತಿರಲಿಲ್ಲ. ನಾವು ಸೀಟಿನ ಮೇಲೆ ಭಾರ ಹಾಕುವುದು ಎರಡು ಮೂಳೆಗಳ ಮೇಲೆ. ಗಟ್ಟಿ ಮೆಟ್ಟಿಲ ಮೇಲೆ ಕೂತರೆ ಕೆಳಗೆ ಒತ್ತುತ್ತವಲ್ಲ, ಅವೇ. ಮೆತ್ತನೆಯ ಜೆಲ್ಲಿನಲ್ಲಿ ಆ ಮೂಳೆಗಳು ಹೂತುಹೋಗುತ್ತವೆ. ಆಗ ಮಧ್ಯದ ಜೆಲ್ ಮೇಲೆ ಉಬ್ಬಿ ಮೆತ್ತಗಿನ ಭಾಗಕ್ಕೆ ಒತ್ತುತ್ತದೆ. ಮೂಳೆ ನೋವು ಕಡಿಮೆಯಾಗಿ, ಅದರ ಬದಲು ಅರ್ಧ ಗಂಟೆಗೆಲ್ಲ ಜೋಮು ಹಿಡಿಯುತ್ತಿತ್ತು. ಮೂಳೆ ನೋವು ಮೊದಲ ಎರಡು ಮೂರು ವಾರ ಹೊಸಬರಲ್ಲಿ ಸಾಮಾನ್ಯ, ಅಭ್ಯಾಸವಾದ ಹಾಗೆ ಹೆಚ್ಚಾಗಿ ಹೋಗುತ್ತದೆ. ಜೋಮನ್ನು ಮಾತ್ರ ಸಹಿಸಿಕೊಂಡು ತುಳಿಯಬೇಡಿ. ಅಲ್ಲಿ ನರ, ರಕ್ತನಾಳ ಒತ್ತುತ್ತಿದೆ ಅಂತ ಅರ್ಥ. ಸೀಟು ಸರಿ ಮಾಡಿದ ಮೇಲೂ ಹೋಗದಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಅಗಲದ ಸೀಟಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. 900 ರೂಪಾಯಿ. ಕೆಳಗೆ ಸ್ಪ್ರಿಂಗ್ ಇತ್ತು. ನಮ್ಮ ತಂದೆಯ ಹಳೇ ಸೈಕಲ್ಲಿನಲ್ಲಿ ಅಂಥದ್ದೇ ಸೀಟಿತ್ತು, ಅವರು ಅದರ ಮೇಲೆ ಊರೂರು ಸುತ್ತಿದವರು. ಆದರೆ ಆ ಸೈಕಲ್ಲಿನ ಹ್ಯಾಂಡಲ್ ಎತ್ತರ. ಬೆನ್ನು ನೆಟ್ಟಗೆ ಇಟ್ಟು ಕೂರುತ್ತಿದ್ದರು. ನಾನು ಕೂರುವುದು ಮುಂದಕ್ಕೆ ಬಾಗಿ. ಹಾಗೆ ಬಾಗಿ ತುಳಿಯುವಾಗ ಅಗಲದ ಸೀಟಿನ ಅಂಚು ತೊಡೆಗೆ ಅಡ್ಡ ಬರುತ್ತದೆ. ಎರಡು ವಾರಕ್ಕೆ ಬಿಚ್ಚಿದೆ. ಈಗ ಅದು ಮಗಳ ಸೈಕಲ್ಲಿನಲ್ಲಿದೆ. ಟ್ಯೂಷನ್‌ಗೆ ಎರಡು ಕಿಲೋಮೀಟರ್ ಹೋಗಿ ಬರುವ ಅವಳಿಗೆ ಸರಿಯಾಗಿದೆ.

ಇನ್ನು ಖರ್ಚಿಲ್ಲದ ಕೆಲಸ. ಸೀಟು ಮಟ್ಟವಾಗಿದೆಯಾ ನೋಡುವುದು. ಸೀಟಿನ ಮೇಲೆ ಉದ್ದಕ್ಕೆ ಒಂದು ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಮಟ್ಟ ನೋಡುವ ಆ್ಯಪ್ ತೆರೆದು ಇಟ್ಟೆ. ನನ್ನ ಸೀಟಿನ ಮೂತಿ ಮೇಲಕ್ಕೆ ಎದ್ದಿತ್ತು! ಕೆಳಗಿನ ಬೋಲ್ಟನ್ನು ಅಲೆನ್ ಕೀಯಲ್ಲಿ (ಆರು ಮೂಲೆಯ ಬಾಗಿದ ಕಡ್ಡಿಯಂಥ ಕೀ) ಸಡಿಲ ಮಾಡಿ ಮಟ್ಟ ಮಾಡಿದೆ. ಜೋಮು ಅವತ್ತೇ ಅರ್ಧ ಕಡಿಮೆಯಾಯಿತು. ಜಾಸ್ತಿ ಕೆಳಕ್ಕೆ ಬಾಗಿಸಬೇಡಿ, ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ.

ಎತ್ತರವನ್ನೂ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ಅದಕ್ಕಿಂತ ಎತ್ತರ ಇದ್ದರೆ ಪೆಡಲ್ ಮುಟ್ಟಲು ಸೊಂಟ ಆ ಕಡೆ ಈ ಕಡೆ ಆಡುತ್ತದೆ, ಚರ್ಮ ಉಜ್ಜುತ್ತದೆ. ನನಗೆ ಇದು ಗೊತ್ತಾಗಿದ್ದು ಹಿಂದೆ ಬರುತ್ತಿದ್ದ ನಮ್ಮನೆಯವರು ಹೇಳಿದ ಮೇಲೆ. ಎರಡು ಸೆಂಟಿಮೀಟರ್ ದಪ್ಪದ ಕವರ್ ಹಾಕಿದಾಗ ಸೀಟು ಅಷ್ಟು ಎತ್ತರವಾಗಿದ್ದು ನನ್ನ ತಲೆಗೇ ಹೋಗಿರಲಿಲ್ಲ.

ಅಳತೆಯನ್ನೂ ನೋಡಿಕೊಂಡೆ. ಗಟ್ಟಿ ಬೆಂಚಿನ ಮೇಲೆ ಪಾರ್ಸೆಲ್ ಡಬ್ಬದ ರಟ್ಟು ಹಾಕಿ ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಆ ಎರಡು ಮೂಳೆ ಒತ್ತಿದಲ್ಲಿ ಎರಡು ಗುಳಿ ಬೀಳುತ್ತವೆ. ಅವುಗಳ ನಡುವಿಂದ ನಡುವಿಗೆ ನನ್ನದು 13 ಸೆಂಟಿಮೀಟರ್. ಸೀಟು ಅದಕ್ಕಿಂತ ಎರಡು ಸೆಂಟಿಮೀಟರಿನಷ್ಟು ಅಗಲ ಇದ್ದರೆ ಸಾಕು. ಸೈಕಲ್ ಜೊತೆ ಬಂದ ಸೀಟು 15.5 ಇತ್ತು. ಅಂದರೆ ಮೊದಲಿನ ಸೀಟೇ ನನಗೆ ಸರಿಯಿತ್ತು, ಸುಮ್ನೆ ಅದನ್ನು ಬಿಚ್ಚಿಟ್ಟಿದ್ದೆ.

ಆಮೇಲೆ ತಂದಿದ್ದು ಶಾರ್ಟ್ಸ್, 1,200 ರೂಪಾಯಿಗೆ. ಹಿಂದೆ ಪ್ಯಾಡ್ ಜಾಗದಲ್ಲಿ ಮೆತ್ತನೆಯ ಚರ್ಮ ಹೊಲಿಯುತ್ತಿದ್ದರು, ಈಗ ಫೋಮ್ ಇರುತ್ತದೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದೇ: ಪ್ಯಾಡ್ ಮೈಗೆ ಅಂಟಿಕೊಂಡಿರುತ್ತದೆ, ನಾನು ಅಲುಗಿದರೆ ಅದೂ ಜೊತೆಗೆ ಅಲುಗುತ್ತದೆ. ಜಾರುವ ಮಾತೇ ಇಲ್ಲ. ನಡುವೆ ಹೊಲಿಗೆ ಇಲ್ಲ, ಬೆವರು ನಿಲ್ಲುವುದಿಲ್ಲ. ಹೆಂಗಸರಿಗೆ ಬೇರೆ ಆಕಾರದ ಪ್ಯಾಡ್ ಬರುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಿ. ಮೈಗೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ಮಡಿಕೆ ಬಿದ್ದು ಉಜ್ಜುತ್ತದೆ. ದಪ್ಪ ಪ್ಯಾಡೇ ಬೇಕು ಅಂತೇನಿಲ್ಲ.

ಒಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದರ ಒಳಗೆ ಬೇರೆ ಒಳ ಉಡುಪು ಹಾಕಬಾರದು. ನಾನು ಮೊದಲ ವಾರ ಹಾಕಿದ್ದೆ. ಅದರ ಎಲಾಸ್ಟಿಕ್ ಅಂಚು ತೊಡೆ ಸಂದಿಯಲ್ಲಿ ತರಚಿ ಮೂರು ದಿನ ಸೈಕಲ್ ಮುಟ್ಟಲಿಲ್ಲ. ಶಾರ್ಟ್ಸ್ ಹಾಕಿಕೊಂಡು ಬೀದಿಗೆ ಹೋಗಲು ಸಂಕೋಚ ಆದರೆ ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿ, ನಾನು ಹಾಗೇ ಹೋಗುವುದು. ಅದರ ಮೇಲೆ ಕುರ್ತಾ ಬಿಟ್ಟರೆ ಒಳಗೆ ಪ್ಯಾಡ್ ಇದೆ ಅಂತ ಯಾರಿಗೂ ಗೊತ್ತಾಗಲ್ಲ.

ಇದರಲ್ಲೂ ತೊಂದರೆ ಇಲ್ಲ ಅಂತಿಲ್ಲ. ಪ್ರತಿ ಸಲ ಒಗೆಯಲೇಬೇಕು, ಇಲ್ಲದಿದ್ದರೆ ಗುಳ್ಳೆ ಏಳುತ್ತದೆ. ತರಕಾರಿ ತರಲು ಅರ್ಧ ಕಿಲೋಮೀಟರ್ ಹೋಗಲು ಇದನ್ನು ಹಾಕಿಕೊಳ್ಳುವುದು ಆಗದ ಮಾತು, ಆಗ ನಾನು ಮಾಮೂಲಿ ಬಟ್ಟೆಯಲ್ಲೇ ಹೋಗುತ್ತೇನೆ.

ನಿಮ್ಮದು ನೆಟ್ಟಗೆ ಕೂರುವ ಸೈಕಲ್ಲು, ಓಡಾಟ ಮೂರ್ನಾಲ್ಕು ಕಿಲೋಮೀಟರ್ ಒಳಗೆ ಅಂದರೆ ಅಗಲದ ಸೀಟು ಸಾಕು. ದುಡ್ಡು ಖರ್ಚು ಮಾಡೋಕೆ ಈಗ ಆಗಲ್ಲ ಅಂದರೆ ಸೀಟನ್ನು ಮಟ್ಟ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ನಾಲ್ಕು ಸುತ್ತು ತುಳಿಯಿರಿ. ಅಷ್ಟಕ್ಕೇ ಎಷ್ಟೋ ಹಗುರವಾಗುತ್ತದೆ. ನನ್ನ ಹಾಗೆ ಒಂದು ಗಂಟೆ ಮೇಲೆ ತುಳಿಯುವವರಾದರೆ ಮಟ್ಟ ಮಾಡಿದ ಸೀಟು, ಜೊತೆಗೆ ಶಾರ್ಟ್ಸ್. ಈಗ ನಂಜನಗೂಡಿಗೆ ಹೋಗಿ ಬಂದು ಸೋಮವಾರ ಅದೇ ಮರದ ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತೇನೆ. ಜುಲೈ ಮಳೆಯಲ್ಲಿ ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗುವುದಿಲ್ಲ, ಅದಕ್ಕೆ ಸಂಬಳ ಬಂದ ಮೇಲೆ ಇನ್ನೊಂದು ಶಾರ್ಟ್ಸ್ ತರಬೇಕು.